ಕುರಿ ಕಾಯುವವರಿಗೆ ರಾಜರ ಮಟ್ಟು

1995ನೇ ಇಸವಿ ನನ್ನ ಪಾಲಿಗೆ ಕೆಟ್ಟದಾಗಿತ್ತು. ಯುಗಾದಿ ಕಳೆದು ಮೂರು ವಾರಕ್ಕೆ ನನ್ನ ಹೆಂಡತಿ ಜಯಮ್ಮ ಪಾಂಡವಪುರದ ಆಸ್ಪತ್ರೆಯಲ್ಲಿ ತೀರಿಕೊಂಡಳು.

ನಾನು ಕ್ಯಾತನಹಳ್ಳಿಯವನು. ಬೇಸಾಯದ ಜೊತೆಗೆ ಸುತ್ತಲ ಊರುಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ಅವಳು ಹೋದಾಗ ನಾನು ಹತ್ತಿರವಿರಲಿಲ್ಲ, ಸಿಂಧಘಟ್ಟದ ನಾಟಕದಲ್ಲಿದ್ದೆ. "ಒಪ್ಕಂಡಿರೋ ನಾಟ್ಕ ಬುಟ್ರೆ ಜನ ಏನಂದಾರು? ಓಗ್ಬುಟ್ಟು ಬನ್ನಿ" ಎಂದು ಅವಳೇ ಕಳಿಸಿದ್ದಳು. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ನೋಡಿದರೆ ಮಂಚ ಖಾಲಿ.

ತಿಥಿ ಮುಗಿದ ಮೇಲೆ ಹಾರ್ಮೋನಿಯಂ ಪೆಟ್ಟಿಗೆಯನ್ನು ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ನಾಟಕದವರು ಬಂದು ಕರೆದರೂ ಹೋಗಲಿಲ್ಲ. ದೇವಸ್ಥಾನದ ಕಡೆ ತಲೆ ಹಾಕಲಿಲ್ಲ. ನಿದ್ದೆಯಂತೂ ಹತ್ತಿರ ಸುಳಿಯುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಒಂದು ದಿನ ರೋಸಮ್ಮ ಮನೆಗೆ ಬಂದರು. ಆಸ್ಪತ್ರೆಯಲ್ಲಿ ಜಯಮ್ಮನನ್ನು ನೋಡಿಕೊಂಡಿದ್ದ ನರ್ಸು ಅವರು.

"ಮೇಷ್ಟ್ರೇ, ನಮ್ಮ ಪ್ರಾರ್ಥನೆ ಮನೇಲಿ ಮಕ್ಳು ಕ್ರಿಸ್‌ಮಸ್ ನಾಟ್ಕ ಆಡ್ತಾವೆ. ನಿಮ್ಮ ಪೆಟ್ಟಿಗೆ ಒಂದು ವಾರಕ್ಕೆ ಕೊಡ್ತೀರಾ?" ಎಂದು ಕೇಳಿದರು.

ಇಲ್ಲವೆನ್ನಲು ಬಾಯಿ ಬರಲಿಲ್ಲ. ಇಳಿಸಿ ಕೊಟ್ಟೆ. ಎರಡು ದಿನಕ್ಕೆ ಅವರೇ ಮತ್ತೆ ಬಂದು, "ಪೆಟ್ಟಿಗೇದು ಎರಡು ಬಿಳೀ ಮನೆ ಬೆರಳಲ್ಲಿ ಒತ್ತುದ್ರೆ ಮೇಲೇಳ್ತಿಲ್ಲ. ಒಂದ್ಸಲ ಬಂದು ಸರಿ ಮಾಡ್ಕೊಡಿ" ಎಂದರು.

"ಸರಿ ಮಾಡ್ತೀನಿ. ನುಡ್ಸಿ ಅಂತ ಮಾತ್ರ ಕೇಳ್ಬ್ಯಾಡಿ" ಎಂದು ಹೇಳಿಯೇ ಹೊರಟೆ.

ಪ್ರಾರ್ಥನೆ ಮನೆಯೆಂದರೆ ಶೀಟು ಹೊದಿಸಿದ ಸಣ್ಣ ಹಾಲ್. ನಾನು ಮೂಲೆಯಲ್ಲಿ ಕುಳಿತು ಪೆಟ್ಟಿಗೆ ಬಿಚ್ಚಿದೆ. ಅತ್ತ ರೋಸಮ್ಮ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಯೇಸು ಹುಟ್ಟಿದ ಕತೆ ಹೇಳತೊಡಗಿದರು. ಇಪ್ಪತ್ತೈದು ವರ್ಷ ನಾಟಕ ಕಲಿಸಿದವನು ನಾನು. ಕತೆ ಹೇಳಲು ಬರುವವರು ಯಾರೆಂದು ನನಗೆ ಗೊತ್ತಾಗುತ್ತದೆ. ಆಕೆ ಎಲ್ಲವೂ ನಮ್ಮ ಪಾಂಡವಪುರದಲ್ಲೇ ನಡೆಯಿತೆನ್ನುವ ಹಾಗೆ ಹೇಳುತ್ತಿದ್ದರು. ತುಂಬು ಬಸುರಿ, ಜೊತೆಗೆ ಗಂಡ. ಯಾವ ಬಾಗಿಲು ತಟ್ಟಿದರೂ ಜಾಗವಿಲ್ಲ. ಕೊನೆಗೆ ದನದ ಕೊಟ್ಟಿಗೆಯಲ್ಲಿ ಹುಲ್ಲಿನ ಮೇಲೆ ಮಗು ಹುಟ್ಟುತ್ತದೆ. ಆಕಾಶದಲ್ಲಿ ಹಾಡು ತುಂಬುತ್ತದೆ. ಆ ಸುದ್ದಿ ಮೊದಲು ಮುಟ್ಟಿದ್ದು ಬಯಲಲ್ಲಿ ಕುರಿ ಕಾಯುತ್ತಿದ್ದವರಿಗೆ.

ನನ್ನ ಕೈ ನಿಂತುಬಿಟ್ಟಿತು. ನಮ್ಮ ನಾಟಕಗಳಲ್ಲಿ ಅಶರೀರವಾಣಿ ಕೇಳಿಸುವುದು ರಾಜರಿಗೆ, ಋಷಿಗಳಿಗೆ.

"ಸಿಸ್ಟರೇ, ಅಷ್ಟು ದೊಡ್ಡ ಸುದ್ದೀನ ಕುರಿ ಕಾಯೋರ್ಗೆ ಯಾಕೆ ಮೊದ್ಲು ಏಳುದ್ರು?" ಎಂದು ಕೇಳಿಯೇಬಿಟ್ಟೆ.

ರೋಸಮ್ಮ ನನ್ನ ಕಡೆ ತಿರುಗಿದರು. "ನಂಗೂ ಪೂರ್ತಿ ಗೊತ್ತಿಲ್ಲ ಮೇಷ್ಟ್ರೇ. ಊರೆಲ್ಲ ಮಲಗಿತ್ತು. ಎಚ್ಚರವಾಗಿದ್ದೋರು ಅವ್ರೇ ಅಲ್ವಾ?"

ಎಂಟು ತಿಂಗಳಿಂದ ನಾನೂ ಎಚ್ಚರವಾಗಿದ್ದೆ. ಅದೊಂದು ಕಾಯಿಲೆ ಎಂದು ತಿಳಿದಿದ್ದೆನೇ ಹೊರತು, ಹಾಗೆ ಎಚ್ಚರವಿದ್ದವರನ್ನೇ ಹುಡುಕಿಕೊಂಡು ದೇವರು ಬರಬಹುದೆಂದು ಅನಿಸಿರಲಿಲ್ಲ.

ಸ್ಕ್ರೂ ಬಿಗಿಮಾಡಿ, ಪರೀಕ್ಷಿಸಲೆಂದು ತಿದಿ ಒತ್ತಿದೆ. ಆ ಹೊತ್ತಿಗೆ ಒಬ್ಬಳು ಹುಡುಗಿ ಜೋಗುಳ ಎತ್ತಿದ್ದಳು. ಒಳ್ಳೆಯ ಕಂಠ, ಆದರೆ ಶ್ರುತಿ ಜಾರುತ್ತಿತ್ತು. ಅವಳಿಗೆ ಆಸರೆ ಕೊಡಲು ಬೆರಳು ತಾನೇ ಹೋಯಿತು. ಹಾಡು ಮುಗಿದಾಗಲೇ ನಾನು ನುಡಿಸುತ್ತಿದ್ದೇನೆಂದು ಗೊತ್ತಾಗಿದ್ದು. ರೋಸಮ್ಮ ನನ್ನ ಕಡೆ ನೋಡಲೂ ಇಲ್ಲ. "ನಾಳೆ ಐದು ಗಂಟೆಗೆ ಪ್ರಾಕ್ಟೀಸು. ಎಲ್ರೂ ಬರ್ಬೇಕು" ಎಂದು ಮಕ್ಕಳಿಗೆ ಹೇಳಿದರು. ಮರುದಿನ ಐದಕ್ಕೆ ನಾನೂ ಹೋದೆ.

ಕ್ರಿಸ್‌ಮಸ್ ದಿನ ಬೆಳಿಗ್ಗೆ ಪ್ರಾರ್ಥನೆ ಮನೆ ಜನರಿಂದ ತುಂಬಿತ್ತು. ಕುರಿ ಕಾಯುವವರ ವೇಷದಲ್ಲಿ ಕಂಬಳಿ ಹೊದ್ದ ನಾಲ್ಕು ಮಕ್ಕಳು ಕೋಲು ಹಿಡಿದು ಬಂದರು. ಅವರಿಗೆ ಮೆಲ್ಲಗೆ ನುಡಿಸಬೇಕೆಂದು ಮಾತಾಗಿತ್ತು. ನನಗೇನಾಯಿತೋ, ಹಳೆಯ ಅಭ್ಯಾಸದಲ್ಲಿ ಕಿರೀಟಧಾರಿ ರಾಜರು ರಂಗಕ್ಕೆ ಬರುವಾಗ ಬಾರಿಸುವ ಭರ್ಜರಿ ಮಟ್ಟನ್ನು ಎತ್ತಿಬಿಟ್ಟೆ. ಜನರೆಲ್ಲ ತಿರುಗಿ ನೋಡಿದರು. ನಾಚಿಕೆಯಿಂದ ಬೆವತುಹೋದೆ. ನಿಲ್ಲಿಸಬೇಕು ಎನ್ನುವಷ್ಟರಲ್ಲಿ ಆ ಮಕ್ಕಳು ಎದೆ ಸೆಟೆಸಿ, ಕೋಲನ್ನು ಹೆಗಲಿಗೇರಿಸಿ, ದೊರೆಗಳ ಹಾಗೆ ಹೆಜ್ಜೆ ಹಾಕತೊಡಗಿದವು. ಮುಂದೆ ಕುಳಿತಿದ್ದ ಒಬ್ಬ ಅಜ್ಜಿ ಕೈಮುಗಿದು ಎದ್ದು ನಿಂತಿತು. ಅದನ್ನು ನೋಡಿ ಎಲ್ಲರೂ ಎದ್ದರು. ಕಣ್ಣು ಮಂಜಾಗಿ ಪೆಟ್ಟಿಗೆಯ ಮನೆಗಳು ಕಾಣದಿದ್ದರೂ ಕೊನೆಯವರೆಗೆ ನುಡಿಸಿದೆ.

ಊಟವಾದ ಮೇಲೆ ರೋಸಮ್ಮ ಪಕ್ಕದಲ್ಲಿ ಬಂದು ಕುಳಿತರು.

"ಒಂದು ಮಾತು ಏಳ್ಬೇಕಾಗಿತ್ತು ಮೇಷ್ಟ್ರೇ. ಜಯಮ್ಮೋರು ಕೊನೇಲಿ ಗೋಳಾಡ್ಲಿಲ್ಲ. ಗಡಿಯಾರ ನೋಡ್ಕಂಡು, 'ಈಗ ನಮ್ಮನೆಯೋರು ನಾಟ್ಕದ ಪ್ರಾರ್ಥನೆ ಪದ ಎತ್ತಿರ್ತಾರೆ, ಈಗ ರಾಜ ಬಂದಿರ್ತಾನೆ' ಅಂತ ನಂಗೇಳ್ತಿದ್ರು. ಸಣ್ಣಗೆ ಹಾಡ್ಕತಾ ಹಾಡ್ಕತಾ ಅಂಗೇ ಕಣ್ಣು ಮುಚ್ಚುದ್ರು."

"ಅವತ್ತೇ ಯಾಕೆ ಏಳ್ಲಿಲ್ಲ ಸಿಸ್ಟರೇ?" ಎಂದೆ.

"ಅವತ್ತು ನಿಮ್ಗೆ ಯಾರ ಮಾತೂ ಕೇಳುಸ್ತಿರ್ಲಿಲ್ಲ. ಆಮೇಲೆ ಎರಡು ಸಲ ನಿಮ್ಮೂರ್ಗೆ ಬಂದಿದ್ದೆ. ಬಾಗ್ಲು ಹಾಕ್ಕಂಡಿದ್ರಿ."

ಮುಂದಿನ ವರ್ಷ ಅವರಿಗೆ ನಾಗಮಂಗಲಕ್ಕೆ ವರ್ಗವಾಯಿತು. ನಾನು ಮತ್ತೆ ನಾಟಕ ಕಲಿಸತೊಡಗಿದೆ, ನಮ್ಮೂರ ದೇವರಿಗೂ ಮೊದಲಿನಂತೆ ನಡೆದುಕೊಂಡೆ. ದಿನಾ ಎಷ್ಟೋ ಜನರ ಸಾವು ನೋಡುವ ಹೆಂಗಸು ಆಕೆ. ನನ್ನ ಹೆಂಡತಿಯ ಕೊನೆಯ ಮಾತನ್ನು, ನಾನು ಕೇಳಿಸಿಕೊಳ್ಳುವಂತಾಗುವವರೆಗೆ ಎಂಟು ತಿಂಗಳು ಜೋಪಾನವಾಗಿ ಇಟ್ಟುಕೊಂಡಿದ್ದರು. ಅದನ್ನು ನೆನೆದಾಗಲೆಲ್ಲ ಈಗಲೂ ನನ್ನ ಕೈ ತಾನಾಗಿ ಮುಗಿಯುತ್ತದೆ.