ದೊಡ್ಡವ್ವನ ಬಲಗೈ ಹೆಜ್ಜೆ

ಮಸ್ಕಿಯ ಆ ಅಡುಗೆಮನೆಯಲ್ಲಿ ಅಂದು ನಾವು ಮೂವರಿದ್ದೆವು: ಒಲೆಯ ಮುಂದೆ ದೊಡ್ಡವ್ವ, ಹಿಟ್ಟು ಸೋಸುತ್ತಿದ್ದ ಆಕೆಯ ಮಗಳು, ಅಂದರೆ ನನ್ನ ಅಕ್ಕ, ಮತ್ತು ಸಿಂಧನೂರಿನಿಂದ ಹೆಜ್ಜೆ ಎಣಿಸುವ ಗಡಿಯಾರ ತಂದಿದ್ದ ನಾನು. ದೊಡ್ಡವ್ವನ ಬಲ ಮುಂಗೈಯಲ್ಲಿ ಹಳೆಯ ಹಚ್ಚೆಯಿತ್ತು. ಜೋಳದ ಹಿಟ್ಟು ಒರೆಸಿದಾಗ ಹಸಿರಾಗಿ ಕಂಡಿತು. ಅದರ ಮೇಲೆಯೇ ಗಡಿಯಾರದ ಪಟ್ಟಿ ಬಿಗಿದೆ.

"ಏನೋ ಇದು, ಎಮ್ಮಿಗೆ ಗಂಟಿ ಕಟ್ಟಿದಂಗ ಕಟ್ಟಾಕತ್ತೀಯಲ್ಲೋ! ಮುದುಕಿ ಎಲ್ಲಿ ಮೇಯಾಕ ಹೋಗ್ತಾಳ ಅಂತ ನೋಡ್ತೀಯೇನು?" ಎಂದು ನಕ್ಕಳು.

ಆಕೆಯ ಹೃದಯ ಸೋತಿತ್ತು. ದಿನವೂ ನಡೆಯಬೇಕು, ನಡಿಗೆ ಕುಂದಿದರೆ ತಡಮಾಡದೆ ಕರೆತರಬೇಕು ಎಂದಿದ್ದರು ಡಾಕ್ಟರು. ಹೆಜ್ಜೆಯ ಲೆಕ್ಕ ಆಕೆಯ ಮೊಬೈಲಿನಿಂದ ಸಿಂಧನೂರಿನಲ್ಲಿದ್ದ ನನ್ನ ಮೊಬೈಲಿಗೆ ಬರುತ್ತಿತ್ತು.

ತಾಯಿಯಿಲ್ಲದ ನನ್ನನ್ನು ಸಾಕಿದವಳು ಆಕೆ. ರೊಟ್ಟಿ ಬಡಿಯುತ್ತಲೇ ಕಥೆ ಹೇಳುತ್ತಿದ್ದಳು. ಕಥೆಯ ರಾಜನಿಗೆ ಸಿಟ್ಟು ಬಂದರೆ ರೊಟ್ಟಿಗೆ ಏಟು ಜೋರಾಗುತ್ತಿತ್ತು. ನಾನು ಮಾತು ಕಲಿತದ್ದು ಆ ಸಪ್ಪಳದ ನಡುವೆ.

ನನ್ನ ಮಗಳ ಮದುವೆ ಗೊತ್ತಾದಾಗ, ಖಡಕ್ ರೊಟ್ಟಿಯನ್ನೆಲ್ಲ ತಾನೇ ಬಡಿಯುತ್ತೇನೆಂದು ಹಟ ಹಿಡಿದಳು. ಒಂದು ಸಂಜೆ ಅಕ್ಕನ ಫೋನು ಬಂತು.

"ಅವ್ವನ ಕಾಲು ಬಾತಾವ. ಬಂದು ದವಾಖಾನಿಗೆ ಕರಕೊಂಡು ಹೋಗೋ."

"ಇವತ್ತ ಆರು ಸಾವಿರ ಹೆಜ್ಜಿ ಹಾಕ್ಯಾಳಕ್ಕ! ನನಗಿಂತ ಚಲೋ ನಡ್ಯಾಕತ್ಯಾಳ. ಸುಮ್ನ ಹೆದರಬ್ಯಾಡ."

"ನಾ ಕೆಲಸದಿಂದ ಬರೂದ್ರಾಗ ದಿನಾ ಕುಂತೇ ಇರ್ತಾಳಪ್ಪ" ಎಂದಳು ಅಕ್ಕ. ನಾನು ಅಕ್ಕನ ಮಾತು ಬಿಟ್ಟು ಅಂಕಿಯನ್ನು ನಂಬಿದೆ.

ಹತ್ತು ದಿನ ಬಿಟ್ಟು ಹೋದೆ. ಹೊಸ್ತಿಲಲ್ಲಿ ನಿಂತು ನೋಡಿದರೆ, ದೊಡ್ಡವ್ವ ಕುಳಿತು ರೊಟ್ಟಿ ಬಡಿಯುತ್ತಿದ್ದಾಳೆ. ಒಂದೊಂದು ಬಡಿತಕ್ಕೂ ಆಕೆಯ ಮುಂಗೈಯ ಗಡಿಯಾರದಲ್ಲಿ ಹೆಜ್ಜೆಯ ಲೆಕ್ಕ ಏರುತ್ತಿದೆ. ಮುಂದಕ್ಕೆ ಚಾಚಿದ ಕಾಲುಗಳು ಊದಿ ಹೊಳೆಯುತ್ತಿದ್ದವು.

"ಬಾರೋ. ಏಳಾಕ ಆಗವಲ್ದು, ಇಲ್ಲೇ ಬಾ. ಇನ್ನೊಂದು ಬುಟ್ಟಿ ಬಡದ್ರ ನಿನ್ನ ಮಗಳ ರೊಟ್ಟಿ ಮುಗೀತಾವ."

ಆವತ್ತೇ ಆಸ್ಪತ್ರೆಗೆ ಒಯ್ದೆ. "ವಾರದ ಹಿಂದರ ತರಬೇಕಿತ್ರೀ" ಎಂದರು ಡಾಕ್ಟರು. ಮಲಗಿದ್ದಲ್ಲಿಂದಲೇ ದೊಡ್ಡವ್ವ ನನ್ನ ಕೈ ಹಿಡಿದುಕೊಂಡಳು. "ಅವಗ ಬೈಬ್ಯಾಡ್ರಿ. ದಿನಾ ನನ್ನ ಹೆಜ್ಜಿ ನೋಡಾಂವ ಅವನೊಬ್ಬನ."

ಮೂರನೆಯ ದಿನ ಹೋಗಿಬಿಟ್ಟಳು.

ಆಕೆಯ ಸಾವಿನಿಂದ ನಿಂತಿದ್ದ ಮದುವೆ ಮುಂದಿನ ತಿಂಗಳು ನಡೆಯಿತು. ಪಂಕ್ತಿಗೆ ಆಕೆಯ ರೊಟ್ಟಿಯನ್ನೇ ಬಡಿಸಿದೆವು. ಬುಟ್ಟಿ ಹಿಡಿದು ಬಂದ ಅಕ್ಕ ನನ್ನ ಎಲೆಗೆ ಒಂದು ಹಾಕಿ, ನನ್ನ ಮುಖ ನೋಡದೆ ಮುಂದಿನವರ ಎಲೆಗೆ ಸರಿದಳು.