ಗಜೇಂದ್ರಗಡದಲ್ಲಿ ಕೇಳಿದ ‘ದಾಮೆಲಾ’

ನರಗುಂದದಿಂದ ರೋಣದ ಬಸ್ಸು ಹೊರಟಾಗ ಮೋಡ ಕವಿದಿತ್ತು. ಕಂಡಕ್ಟರ್ ಹೆಂಗಸರ ಉಚಿತ ಟಿಕೆಟ್ ಕೊಟ್ಟು ಮುಂದೆ ಹೋದ. ನನ್ನ ಗಮನವೆಲ್ಲ ಫೋನಿನಲ್ಲಿತ್ತು.

ನಾನು ಮನೆಯಲ್ಲೇ ಕುಳಿತು ಫೋನಿನಲ್ಲಿ ಸ್ಪ್ಯಾನಿಷ್ ಕಲಿಸುತ್ತೇನೆ. ಗಜೇಂದ್ರಗಡದ ಫರ್ಜಾನಾ ಭಾಷಾಂತರದ ಕೆಲಸ ಹಿಡಿಯಬೇಕೆಂದು ಕಲಿಯುತ್ತಿದ್ದಳು. ‘ಅದನ್ನು ನನಗೆ ಕೊಡು’ ಎಂದು ನಾವು ಬಿಡಿಬಿಡಿಯಾಗಿ ಹೇಳುವುದು ಆ ಭಾಷೆಯಲ್ಲಿ ಕ್ರಿಯಾಪದದ ಬಾಲಕ್ಕೇ ಅಂಟಿ ಒಂದೇ ಪದವಾಗುತ್ತದೆ: ದಾ-ಮೆ-ಲೊ. ಅವಳು ಓದಿ ಕಳಿಸಿದ ಧ್ವನಿಯ ಹಿಂದೆ ಪ್ರತಿಸಲವೂ ಇನ್ನೊಂದು ಹೆಂಗಸಿನ ದನಿ ಪಿಸುಗುಡುತ್ತಿತ್ತು: “ದಾಮೆಲಾ.” ಕೊನೆಗೆ ‘ಲಾ’ ಬಂದರೆ ‘ಅವಳನ್ನು ನನಗೆ ಕೊಡು’ ಎಂದೂ ಅರ್ಥವಾಗುತ್ತದೆ.

ಯಾರೆಂದು ಕೇಳಿದ್ದೆ. “ಮನ್ಯಾಗ ನಮ್ಮ ಖಾಲಾ ಬಿಟ್ರ ಯಾರೂ ಇಲ್ರಿ ಅಕ್ಕೋರ. ಅಕಿ ಮಾತಾಡೂದಿಲ್ಲ” ಎಂದಿದ್ದಳು. ಅದಕ್ಕೇ ಹೊರಟಿದ್ದೆ.

ರೋಣದಲ್ಲಿ ಗಿರಮಿಟ್ ತಿಂದು, ಚಹಾ ಹಿಡಿದು ಫೋನಿನಲ್ಲಿ ಅವಳ ಧ್ವನಿಯನ್ನು ಮತ್ತೊಮ್ಮೆ ಹಾಕಿ ಕೇಳಿದೆ. ಆ ದನಿ ಈಗ ಇನ್ನಷ್ಟು ಹತ್ತಿರ ಬಂದಂತಿತ್ತು. ಚಹಾ ಅರ್ಧಕ್ಕೇ ಬಿಟ್ಟು ಗಜೇಂದ್ರಗಡದ ಬಸ್ಸು ಹತ್ತಿದೆ.

ಗುಡ್ಡದ ಬುಡದ ಓಣಿಯಲ್ಲಿ ಮಗ್ಗಗಳ ಸದ್ದು. “ಬರ್ರಿ, ಒಳಗ ಬರ್ರಿ” ಎಂದು ಫರ್ಜಾನಾ ಕರೆದಳು. ಒಳಗಿನ ಕೋಣೆಯಲ್ಲಿ ಖಾಲಾ, ಅಂದರೆ ಫರ್ಜಾನಾಳ ಚಿಕ್ಕಮ್ಮ, ನೀರಿನ ಕೊಡದ ಪಕ್ಕ ಕುಳಿತಿದ್ದರು. ಮೆಣಸಗಿಯಲ್ಲಿ ಮಲಪ್ರಭೆಯ ನೆರೆಗೆ ಅವರ ಒಬ್ಬಳೇ ಮಗಳು ಕೊಚ್ಚಿಹೋಗಿದ್ದಳಂತೆ. ಮಾತು ಅಂದೇ ನಿಂತಿತ್ತು.

ನಾವು ಪಾಠಕ್ಕೆ ಕುಳಿತೆವು. “ದಾಮೆಲೊ” ಎಂದಳು ಫರ್ಜಾನಾ.

“ದಾಮೆಲಾ.”

ಖಾಲಾ ಕೊಡದೊಳಗೆ ಬಗ್ಗಿ ಹೇಳಿದ್ದರು. ದನಿ ದಪ್ಪಗಾಗಿ ಮೇಲೆದ್ದು ಬಂತು. ಫರ್ಜಾನಾ ಬಾಯಿ ಮುಚ್ಚಿಕೊಂಡಳು.

“ಯಾರಿಗೆ ಹೇಳಾಕತ್ತೀರಿ?” ಎಂದೆ.

“ಹೊಳಿಗೆ.” ಬಹಳ ದಿನ ಬಳಸದ ಗಂಟಲು ಕರಕರ ಎನ್ನುತ್ತಿತ್ತು. “ನಮ್ಮ ಮಾತಿನ್ಯಾಗ ಭಾಳ ಬೇಡೀನ್ರಿ. ಅದಕ್ಕ ತಿಳೀವಲ್ದು. ಗಂಡಿಗೆ ಲೊ, ಹೆಣ್ಣಿಗೆ ಲಾ ಅಂತ ಫೋನಿನ್ಯಾಗ ನೀವ ಹೇಳಿದ್ರಿ.”

ಫರ್ಜಾನಾ ಅಳುತ್ತ ಅವರನ್ನು ತಬ್ಬಿಕೊಂಡಳು. ನಾನು ಹೊರಡಲು ಎದ್ದಾಗ ಖಾಲಾ ನನ್ನ ಸೆರಗು ಹಿಡಿದರು.

“‘ಕೊಡ್ರಿ’ ಅಂತ ಮರ್ಯಾದಿಲೇ ಕೇಳೂದು ಹ್ಯಾಂಗ್ರಿ?”

ಸುಳ್ಳು ಹೇಳಲಾಗಲಿಲ್ಲ. “ದೇಮೆಲಾ” ಎಂದೆ. ಅವರು ಕೊಡದತ್ತ ತಿರುಗಿದರು.

ಸಂಜೆ ಮರಳುವಾಗ ಮಳೆ ಹಿಡಿಯಿತು. ಮುಂದೆ ಮಲಪ್ರಭೆಯನ್ನು ಸೇರುವ ಬೆಣ್ಣಿಹಳ್ಳ ಯಾವಗಲ್ಲಿನ ಬಳಿ ಸೇತುವೆಯ ಕೆಳಗೆ ತುಂಬಿ ಹರಿಯುತ್ತಿತ್ತು. ಬಸ್ಸಿನವರೆಲ್ಲ ನೋಡಲು ಬಾಗಿದರು. ನಾನು ಹಳ್ಳದ ಸದ್ದು ಕೇಳಿಸದಂತೆ ನನ್ನ ಕಿಟಕಿಯನ್ನು ಎಳೆದು ಮುಚ್ಚಿದೆ.