ಕಾರಿನ ಹೊರಗೆ ನಿಂತ ಮೇಸ್ತ್ರಿ

ಅವರ ಬಲಗೈಯ ನಡುವಿನ ಮೂರು ಬೆರಳುಗಳ ಬೆನ್ನ ಮೇಲಿನ ಚರ್ಮ ಬಿಸಿ ತಾಗಿ ತಾಗಿ ನುಣುಪಾಗಿ, ಒಂದು ಕೂದಲೂ ಇಲ್ಲದೆ ಕಪ್ಪಗೆ ಹೊಳೆಯುತ್ತಿತ್ತು. ದೂರದಿಂದ ಬಂದು ನಿಂತ ವಾಹನದ ಗಾಲಿಯ ನಡುವಿನ ಹಬ್ ಎಂಬ ಗುಂಬವನ್ನು ಅವರು ಮೊದಲು ಮುಟ್ಟುತ್ತಿದ್ದುದು ಆ ಬೆರಳುಗಳ ಬೆನ್ನಿನಿಂದ. ಅಂಗೈಯಿಂದ ಏಕೆ ಮುಟ್ಟುವುದಿಲ್ಲವೆಂದು ಒಮ್ಮೆ ಕೇಳಿದ್ದೆ. “ಅಂಗೈ ಗೇದು ಗೇದು ಮಂದ ಆಗೈತೆ ಕಣವ್ವ, ಬಿಸಿ ಯಾವ್ದು ತಣ್ಣಗೆ ಯಾವ್ದು ಮರ್ತೋಗೈತೆ. ಬೆನ್ನಿಗೆ ಇನ್ನೂ ನೆಪ್ಪೈತೆ” ಎಂದಿದ್ದರು. ನಾಲ್ಕು ಗಾಲಿಗಳಲ್ಲಿ ಒಂದು ಉಳಿದವುಗಳಿಗಿಂತ ಹೆಚ್ಚು ಕಾದಿದ್ದರೆ, ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದರು. ಆಮೇಲೆ ಮಾಲೀಕ ಎಷ್ಟು ಅವಸರ ಮಾಡಿದರೂ ಏಳುತ್ತಿರಲಿಲ್ಲ.

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಅವರದೊಂದು ತಗಡಿನ ಶೆಡ್ಡು ಇತ್ತು. ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಊರು ಬಂಡಳ್ಳಿಯ ಆಚೆ. ಬೆಳಗಿನ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿನಲ್ಲಿ ಮರಳುವವರು. ಜಾತಿಯಿಂದ ದಲಿತರು. ನಾವು ಯಳಂದೂರಿನ ಜಮೀನ್ದಾರರು, ಅಕ್ಕಿ ಗಿರಣಿಯ ಮನೆಯವರು. ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಡಲು ಸಂಕೋಚಪಡುವ ಸೌಜನ್ಯವೇ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಅನ್ಯಾಯಗಳನ್ನು ಕಾಪಾಡಿಕೊಂಡು ಬಂದಿದೆ, ಆದ್ದರಿಂದ ಇಡುತ್ತಿದ್ದೇನೆ. ಮೇಸ್ತ್ರಿ ಸತ್ತದ್ದು ನಮ್ಮ ಮನೆಯ ಕಾರಿನ ಹೊರಮೆಟ್ಟಿಲಿನಿಂದ ಬಿದ್ದು. ಅವರು ಒಳಗೆ ಕೂರದೆ ಹೊರಗೇಕೆ ನಿಂತಿದ್ದರು ಎಂಬುದಕ್ಕೆ ಪೊಲೀಸರ ಮೊದಲ ಕಾಗದದಲ್ಲಿ ಬರೆದ ಕಾರಣ: ಮೃತರ ಸ್ವಂತ ಅಭ್ಯಾಸ. ಆ ಕಾರಣ ಸುಳ್ಳು. ಸುಳ್ಳೆಂದು ತಿಳಿದಿದ್ದವರು ಕೆಲವರೇ, ಅವರಲ್ಲಿ ನಾನೊಬ್ಬಳು.

ಗಾಲಿಯ ಬೇರಿಂಗು ಕೆಡುವುದನ್ನು ಮೇಸ್ತ್ರಿ ಮನುಷ್ಯರ ಕಾಯಿಲೆಯಂತೆ ವಿವರಿಸುತ್ತಿದ್ದರು. ಮೊದಲು ಜೇನುಹುಳದಂಥ ಗುಂಯ್ ಸದ್ದು. ವೇಗದೊಂದಿಗೆ ಏರುತ್ತದೆ, ವೇಗ ಇಳಿದರೆ ಇಳಿಯುತ್ತದೆ. ಆಗಲೇ ಬಂದರೆ ಅರ್ಧ ದಿನದ ಕೆಲಸ. ಆದರೆ ಯಾರೂ ಬರುವುದಿಲ್ಲ. “ಗಾಲಿ ಯಾವತ್ತೂ ಸುಳ್ಳೇಳಲ್ಲ ಸಾ. ಅದು ಕೂಗ್ತಿದ್ದಂಗೆ ನೀವು ಟೇಪಿನ ಸೌಂಡ್ ಏರಿಸ್ತೀರ” ಎಂದು ಅವರು ಟ್ಯಾಕ್ಸಿಯವರನ್ನು ಹಂಗಿಸುವುದನ್ನು ನಾನೇ ಕೇಳಿದ್ದೇನೆ. ಜ್ಯಾಕು ಕೊಟ್ಟು ಗಾಲಿ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲುಗಿಸುವರು. ಆಡಿದರೆ ಬೇರಿಂಗಿನ ದೋಷ. ಎಡಬಲಕ್ಕೆ ಹಿಡಿದು ಅಲುಗಿಸಿದಾಗ ಮಾತ್ರ ಆಡಿದರೆ ದೋಷ ಸ್ಟೇರಿಂಗಿನ ಕಡೆಯದು. ಆಮೇಲೆ ಒಂದು ಕೈಯಿಂದ ಗಾಲಿ ತಿರುಗಿಸುತ್ತ ಇನ್ನೊಂದನ್ನು ಸ್ಪ್ರಿಂಗಿನ ಮೇಲೆ ಇಡುವರು. ಬೇರಿಂಗಿನೊಳಗಿನ ಉಕ್ಕಿನ ಗುಂಡುಗಳು ಸವೆದಿದ್ದರೆ ರಾಗಿ ಬೀಸಿದಂತೆ ಕೈಗೆ ತರಿತರಿ ಸಿಗುತ್ತದೆ.

ಹೊಸ ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಒಬ್ಬ ಟೆಂಪೋ ಮಾಲೀಕ, “ಎಲ್ಲಾರೂ ನಾಕ್ ಏಟು ಕೊಟ್ಟು ಕೂರುಸ್ತಾರೆ, ನೀನೇನ್ಲಾ ಮೂರ್ತ ನೋಡ್ತಾ ಕುಂತಿದ್ದೀಯೆ?” ಎಂದು ರೇಗಿದ್ದ. ವಯಸ್ಸಿನಲ್ಲಿ ಮೇಸ್ತ್ರಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಆ ‘ಲಾ’ವನ್ನೂ ಇಲ್ಲಿ ದಾಖಲಿಸಬೇಕು. ಮೇಸ್ತ್ರಿ ತಲೆ ಎತ್ತದೆ, “ಮದ್ವೆ ದಿನ್ವೇ ಎಣ್ಣಿಗೆ ನಾಕ್ ಏಟು ಕೊಟ್ರೆ ಸಂಸಾರ ಎಂಗ್ ಸಾ ಮಾಡ್ತಾಳೆ?” ಎಂದು ತಮ್ಮ ಪಾಡಿಗೆ ಅಂಗೈಯಲ್ಲಿ ಗ್ರೀಸು ತೆಗೆದುಕೊಂಡು ಬೇರಿಂಗಿನ ಸಂದುಸಂದಿಗೂ ಒತ್ತಿ ತುಂಬತೊಡಗಿದರು. ಸುತ್ತ ನಿಂತವರೆಲ್ಲ ನಕ್ಕರು. ಮಾಲೀಕ ಹೋಗಿ ನೆರಳಿನಲ್ಲಿ ಕೂತ.

ನಮ್ಮ ಕಾರು ಜೀಪಿನಂತೆ ಎತ್ತರವಾದದ್ದು. ಬಾಗಿಲುಗಳ ಕೆಳಗೆ ಕಬ್ಬಿಣದ ಮೆಟ್ಟಿಲು, ಮೇಲೆ ಸಾಮಾನು ಕಟ್ಟುವ ಕಂಬಿ. ಕೌದಳ್ಳಿಯ ಹತ್ತಿರ ನಮಗೆ ಹೊಲವಿತ್ತು. ತಂದೆಯವರು ವಾರಕ್ಕೆರಡು ಸಲ ಹೋಗಿಬರುತ್ತಿದ್ದರು. ಆ ಕಾರನ್ನು ಮೇಸ್ತ್ರಿ ಪರೀಕ್ಷಿಸುತ್ತಿದ್ದ ಬಗೆಯೇ ಬೇರೆ. ಡ್ರೈವರು ನಿಧಾನವಾಗಿ ಓಡಿಸುವನು. ಮೇಸ್ತ್ರಿ ಎಡಗಡೆಯ ಮೆಟ್ಟಿಲ ಮೇಲೆ ನಿಂತು, ಕಂಬಿ ಹಿಡಿದು, ಕಣ್ಣು ಮುಚ್ಚಿ, ಮುಂದಿನ ಗಾಲಿಯ ಕಡೆಗೆ ಬಾಗಿ ಕಿವಿಗೊಡುವರು. “ಬಲಕ್ಕೆಳಿ” ಎನ್ನುವರು. ಬಲಕ್ಕೆ ಎಳೆದಾಗ ಭಾರವೆಲ್ಲ ಎಡಗಾಲಿಗೆ ಬೀಳುತ್ತದೆ; ಆಗ ಸದ್ದು ಏರಿದರೆ ದೋಷ ಎಡಗಡೆಯದು.

ನನಗದು ಅದ್ಭುತ ವಿದ್ಯೆಯಾಗಿ ಕಂಡಿತ್ತು. ನಾನು ಓದುತ್ತಿದ್ದದ್ದು ದೂರದ ಊರಿನ ವಸತಿಶಾಲೆಯಲ್ಲಿ. ಅಲ್ಲಿ ಮಕ್ಕಳು ತಮ್ಮ ತಟ್ಟೆಯನ್ನೂ ಕಕ್ಕಸನ್ನೂ ತಾವೇ ತೊಳೆಯಬೇಕು, ಜಾತಿಯ ಹೆಸರನ್ನು ಸಹಿಯಿಂದ ಕಿತ್ತುಹಾಕಬೇಕು, ಕೈಕೆಲಸದವರನ್ನು ಗೌರವಿಸಬೇಕು. ಹದಿನೈದರ ವಯಸ್ಸಿನಲ್ಲಿ ನಾನು ಮೇಸ್ತ್ರಿಯ ಮೇಲೊಂದು ಪ್ರಬಂಧ ಬರೆದೆ. ಅವರು ಕಾರಿನೊಳಗಿನ ಸುಖಾಸನವನ್ನು ನಿರಾಕರಿಸಿ, ಗಾಳಿಗೆ ಮೈಯೊಡ್ಡಿ ಯಂತ್ರದ ಹೃದಯಕ್ಕೆ ಕಿವಿಗೊಡುವ ಋಷಿ ಎಂದು ಬರೆದಿದ್ದೆ. ಶಿಕ್ಷಕರು ಅದನ್ನು ಗೋಡೆಗೆ ಹಚ್ಚಿದರು. ರಜೆಯಲ್ಲಿ ಊರಿಗೆ ಬಂದಾಗ ಶೆಡ್ಡಿಗೆ ಹೋಗಿ ಅದನ್ನು ಅವರಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿದರು. “ಚಂದಾಗ್ ಬರ್ದಿದ್ದೀರಿ ಅವ್ವಾ” ಎಂದು ಹೇಳಿ, ಆಗಲೇ ತೊಳೆದಿದ್ದ ಕೈಗಳನ್ನು ಮತ್ತೊಮ್ಮೆ ಸೀಮೆಎಣ್ಣೆಯಲ್ಲಿ ತೊಳೆಯಲು ಹೋದರು.

ಕಾಲೇಜಿನ ಕೊನೆಯ ವರ್ಷ ನಾನು ಕೌದಳ್ಳಿಯ ಅಂಗಡಿಯೊಂದರ ಮುಂದೆ ಬಸ್ಸಿಗಾಗಿ ಕಾಯುತ್ತಿದ್ದಾಗ, ಒಡೆಯರಪಾಳ್ಯದ ಕಡೆಯಿಂದ ಒಂದು ವ್ಯಾನು ಬಂತು. ಓಡಿಸುತ್ತಿದ್ದವರು ಅಲ್ಲಿನ ಟಿಬೆಟನ್ ವಸತಿಯ ವೃದ್ಧ ರೈತರೊಬ್ಬರು. ಅವರ ಪಕ್ಕದ ಸೀಟಿನಲ್ಲಿ, ಬೆಲ್ಟು ಕಟ್ಟಿಕೊಂಡು, ಎಲೆಅಡಿಕೆ ಮೆಲ್ಲುತ್ತ ನಮ್ಮ ಮೇಸ್ತ್ರಿ ಕೂತಿದ್ದರು. ಗಾಲಿಯ ಸದ್ದನ್ನೇ ಕೇಳುತ್ತಿದ್ದರು. “ಬಲಕ್ಕೆಳೀರಿ” ಎಂದದ್ದು ನನಗೂ ಕೇಳಿಸಿತು. ಆದರೆ ಒಳಗೆ ಕೂತು ಕೇಳುತ್ತಿದ್ದರು.

ಮರುದಿನ ಶೆಡ್ಡಿಗೆ ಹೋಗಿ ಕೇಳಿದೆ: “ಅವರ ಗಾಡಿಯಲ್ಲಿ ಒಳಗೆ ಕೂರುತ್ತೀರಿ. ನಮ್ಮದರಲ್ಲಿ ಏಕಿಲ್ಲ?”

“ಬುಡಿ ಅವ್ವಾ.”

“ಹೇಳಿ.”

ಅವರು ಬಟ್ಟೆಯಲ್ಲಿ ಬೆರಳು ಒರೆಸಿಕೊಂಡರು. “ಆ ವ್ಯಾನು ಹೊಳೆಗೆ ಓಗಲ್ಲ ಕಣವ್ವ.”

ಆಮೇಲೆ ಹೇಳಿದ್ದು ಇಷ್ಟು. ನಮ್ಮ ಕಾರು ಹೊಸದಾಗಿದ್ದಾಗ ಅವರೇ ಒಳಗೆ ಕೂತು ಓಡಿಸಿ ನೋಡಿದ್ದರು. ಆ ಸಂಜೆಯೇ ಮನೆಯ ಅಪ್ಪಣೆಯಂತೆ ಡ್ರೈವರು ಕಾರನ್ನು ಸುವರ್ಣಾವತಿ ಹೊಳೆಗೆ ಇಳಿಸಿದ. ಸೀಟು, ಚಾಪೆ, ಸ್ಟೇರಿಂಗು ಎಲ್ಲವನ್ನೂ ತೊಳೆದ. ಕೊಳ್ಳೇಗಾಲದಿಂದ ಓಡಿ ಕಾದಿದ್ದ ಹಬ್‌ಗಳು ತಣ್ಣೀರಿನಲ್ಲಿ ಮುಳುಗಿ ನಿಂತವು. ಕಾದ ಹಬ್ ಥಟ್ಟನೆ ತಣ್ಣಗಾದರೆ ಅಂಚಿನ ರಬ್ಬರ್ ಸೀಲಿನ ಸಂದಿನಿಂದ ನೀರನ್ನು ಒಳಕ್ಕೆ ಹೀರುತ್ತದೆ. ಕೆಲವು ತಿಂಗಳಲ್ಲಿ ಗಾಲಿ ಕೂಗಿತು. ಬಿಚ್ಚಿದರೆ ಗ್ರೀಸು ಮಜ್ಜಿಗೆಯಂತೆ ಬೆಳ್ಳಗಾಗಿತ್ತು, ಅದರಲ್ಲಿ ಹೊಳೆಯ ನುಣ್ಣನೆಯ ಮರಳು. ಹೊಸದು ಹಾಕಿ, ಒಳಗೆ ಕೂತು ಪರೀಕ್ಷಿಸಿ ಕಳುಹಿಸಿದರು. ಮತ್ತೆ ಹೊಳೆ, ಮತ್ತೆ ಮಜ್ಜಿಗೆ. ಮೂರನೆಯ ಸಲ ಅವರಿಗೆ ಅರ್ಥವಾಯಿತು.

“ನಾನ್ ಒಳಗ್ ಕುಂತ್ರೆ ಬೇರಿಂಗ್ ಓಯ್ತದೆ, ಆಚೆ ನಿಂತ್ರೆ ಉಳೀತದೆ. ಗಾಡಿ ಒಳ್ಳೇದು ಅವ್ವಾ, ಅದೇನ್ ತಪ್ಪು ಮಾಡೈತೆ?”

ಬೇರಿಂಗು ಕೆಡದಂತೆ ತಡೆಯಲು ಎಷ್ಟೋ ಉಪಾಯಗಳನ್ನು ಅವರು ನನಗೆ ಕಲಿಸಿದ್ದರು: ಹಳೆಯ ಸೀಲನ್ನು ಮತ್ತೆ ಹಾಕಬಾರದು, ನಟ್ಟನ್ನು ಅಳತೆ ಮೀರಿ ಬಿಗಿಯಬಾರದು, ಬಿಗಿ ಸಾಲದೆಯೂ ಇರಬಾರದು. ಈ ಉಪಾಯವೊಂದಕ್ಕೆ ಮಾತ್ರ ಅವರು ತಮ್ಮ ಮಾನವನ್ನೇ ತೆತ್ತಿದ್ದರು, ಮತ್ತು ನಾನು ಅದನ್ನು ಪ್ರಬಂಧ ಬರೆದು ಹೊಗಳಿದ್ದೆ.

ಮನೆಯಲ್ಲಿ ಕೇಳಿದಾಗ ತಂದೆಯವರು ಪತ್ರಿಕೆಯಿಂದ ಕಣ್ಣೆತ್ತಲಿಲ್ಲ. “ನಾವೇನ್ ಅವನಿಗೆ ಆಚೆ ನಿಂತ್ಕೊ ಅಂದಿದ್ವಾ? ದೇವ್ರ ಬೆಟ್ಟಕ್ಕೆ ಓಗೋ ಗಾಡಿ, ತೊಳೀತೀವಿ. ಅದರಲ್ಲಿ ಏನೈತೆ?” ಎಂದರು. ನನ್ನ ತಂದೆ ಕ್ರೂರಿಯಲ್ಲ. ಎಷ್ಟೋ ಮನೆಗಳ ಕಷ್ಟಕ್ಕೆ ಒದಗಿದವರು. ಅಸ್ಪೃಶ್ಯತೆಗೆ ಕ್ರೂರಿಗಳೇ ಬೇಕೆಂದಿಲ್ಲ. ಒಂದು ಕಾರು, ಒಂದು ಹೊಳೆ, ಪ್ರಶ್ನೆ ಕೇಳದ ಒಬ್ಬ ಡ್ರೈವರು ಸಾಕು. ನಾನು ಎರಡು ದಿನ ಊಟ ಬಿಟ್ಟೆ. ಮೂರನೆಯ ದಿನ ಉಂಡೆ. ಆಮೇಲೆ ಎಂಟು ವರ್ಷ ಹನೂರು ಸೀಮೆಯಲ್ಲಿ ತಿರುಗಿ, ಹೋಟೆಲಿನ ಬೇರೆ ಲೋಟಗಳ ವಿರುದ್ಧ, ದಲಿತರ ಕಾಲೋನಿಗೆ ಬಾರದ ನಲ್ಲಿಯ ವಿರುದ್ಧ ಮಾತಾಡಿದೆ, ಅರ್ಜಿ ಬರೆದೆ. ಹಲವು ಸಲ ಅದೇ ಕಾರಿನಲ್ಲಿ ಹೋಗಿ.

ಕಳೆದ ಮಳೆಗಾಲದ ಕೊನೆಯಲ್ಲಿ, ಕಾಲೋನಿಯೊಂದರ ಸ್ಮಶಾನದ ಜಾಗದ ಬಗ್ಗೆ ಹನೂರಿನಲ್ಲಿ ಸಭೆಯಿತ್ತು. ಯಳಂದೂರು ಬಿಟ್ಟ ಸ್ವಲ್ಪ ಹೊತ್ತಿಗೇ ಕಾರು ಗುಂಯ್‌ಗುಟ್ಟತೊಡಗಿತು. ಡ್ರೈವರು ಹಾಡಿನ ಸದ್ದು ಏರಿಸಿದ. ನಾನು ಅದನ್ನು ಆರಿಸಿ, ಮೇಸ್ತ್ರಿಯ ಶೆಡ್ಡಿನ ಮುಂದೆ ನಿಲ್ಲಿಸಲು ಹೇಳಿದೆ. ಅವರು ಎಡ ಮುಂಗಾಲಿಯನ್ನು ಬೆರಳ ಬೆನ್ನಿನಿಂದ ಮುಟ್ಟಿ ಥಟ್ಟನೆ ಕೈ ಹಿಂತೆಗೆದರು. ಬಗ್ಗಿ ನೋಡಿದರೆ ಸೀಲಿನ ಅಂಚಿನಲ್ಲಿ ಬಿಳಿಯ ನೊರೆ.

“ಹೊಳೆಗೆ ಓಗಿತ್ತೇನ್ಲಾ?” ಎಂದು ಡ್ರೈವರನ್ನು ಕೇಳಿದರು.

ಡ್ರೈವರು ನನ್ನನ್ನು ನೋಡಿ ತಲೆ ತಗ್ಗಿಸಿದ. “ಓದ ಸಾರಿ ಅವ್ವಾರು ಮೀಟಿಂಗಿಂದ ಕಾಲೋನಿ ಎಂಗಸ್ರುನ್ನ ಕೂರಿಸ್ಕಂಡ್ ಬಂದಿದ್ರಲ್ಲ, ಅವತ್ತು.”

ಆ ಹೆಂಗಸರನ್ನು ಕೂರಿಸಿಕೊಂಡು ಬಂದದ್ದಕ್ಕೆ ನಾನು ಒಳಗೊಳಗೆ ಹೆಮ್ಮೆಪಟ್ಟಿದ್ದೆ. ನಾಚಿಕೆಯಿಂದ ಮುಂದಿನ ಬಾಗಿಲು ತೆರೆದು, “ಮೇಸ್ತ್ರಿ, ಇವತ್ತು ಒಳಗೆ ಕೂತುಕೊಳ್ಳಿ” ಎಂದೆ.

“ಬ್ಯಾಡಿ ಅವ್ವಾ. ನೀವ್ ಒಬ್ಬೊಬ್ರುನ್ನ ಕೂರುಸ್ದಂಗೂ ಗಾಡಿಗೆ ಒಂದೊಂದ್ ತೀರ್ಥಸ್ನಾನ ಆಯ್ತದೆ” ಎಂದು ನಕ್ಕರು. ಡ್ರೈವರೂ ನಕ್ಕ. “ನಿಧಾನುಕ್ಕೆ ಒಂದ್ ಸುತ್ತು ಓಗಿ ಬತ್ತೀವಿ. ಬಲಗಡೇದೂ ಓಗೈತಾ ನೋಡ್ಬೇಕು, ಎರಡೂ ಸುಮ್ಸುಮ್ನೆ ಬಿಚ್ಚೋದ್ ಬ್ಯಾಡ.”

ನಾನು ಬಾಗಿಲ ಮುಂದೆ ಅಡ್ಡ ನಿಲ್ಲಬಹುದಿತ್ತು. ಡ್ರೈವರನ್ನು ಇಳಿಸಬಹುದಿತ್ತು. ಸಭೆಗೆ ಹೊತ್ತಾಗುತ್ತಿತ್ತು. ಗಡಿಯಾರ ನೋಡಿಕೊಂಡು, “ಸರಿ, ಬೇಗ ಆಗಲಿ” ಎಂದೆ.

ನನ್ನ ಮಾತನ್ನು ಡ್ರೈವರು ಪಾಲಿಸಿದ. ಶೆಡ್ಡಿನ ಮುಂದೆ ನಿಂತಿದ್ದ ನನಗೆ ರಸ್ತೆ ನೇರವಾಗಿ ಕಾಣುತ್ತಿತ್ತು. ಹೋಗುವಾಗ ಕಾರು ನಿಧಾನವಾಗಿಯೇ ಹೋಯಿತು. ತಿರುಗಿ ಬರುವಾಗ ವೇಗವಿತ್ತು. ಮೆಟ್ಟಿಲ ಮೇಲಿದ್ದ ಮೇಸ್ತ್ರಿ ತಗ್ಗಿಸೆಂದು ಚಾವಣಿ ತಟ್ಟುತ್ತಿದ್ದರು. ಎದುರಿನ ಗುಂಡಿ ತಪ್ಪಿಸಲು ಡ್ರೈವರು ಬಲಕ್ಕೆಳೆದ. ಬೇರಿಂಗು ಒಡೆದು ಎಡ ಮುಂಗಾಲಿ ಓರೆಯಾಯಿತು, ಕಾರು ಆ ಕಡೆಗೆ ಕುಸಿಯಿತು, ಅವರು ಬಿದ್ದರು. ಹಿಂದಿನ ಗಾಲಿ ಕ್ಷೇಮವಾಗಿತ್ತು, ಅದು ಅವರ ಮೇಲೆ ಉರುಳಿತು. ಆಸ್ಪತ್ರೆ ಮುಟ್ಟುವ ಮೊದಲೇ ಅವರು ಹೋಗಿದ್ದರು.

“ಅದು ಅವ್ರ ಅಭ್ಯಾಸ ಸಾ, ಯಾವಾಗ್ಲೂ ಆಚೇನೇ ನಿಂತ್ಕತಿದ್ರು” ಎಂದು ಡ್ರೈವರು ಹೇಳಿಕೆ ಕೊಟ್ಟ. ಕೇಳಿದವರೆಲ್ಲ ಹೌದೆಂದರು, ಅವರು ಕಂಡದ್ದೂ ಅಷ್ಟೇ. ತಂದೆಯವರು ನನ್ನನ್ನು ಕರೆದು, “ಠಾಣೇಲಿ ಏನ್ ಬೇಕಾದ್ರೂ ಏಳು. ಆ ಹೊಳೆ ಮಾತೊಂದು ಬ್ಯಾಡ. ಮನೆ ಮಾನ ಅದು” ಎಂದರು. ಹತ್ತನೆಯ ದಿನ ನಾನು ಠಾಣೆಗೆ ಹೋದೆ. ಮೇಸ್ತ್ರಿಯ ಹೆಂಡತಿಯನ್ನೂ ಅಂದು ಕರೆಸಿದ್ದರು. ಗೋಡೆಗೊರಗಿ ಬೆಂಚಿನ ಮೇಲೆ ಕೂತಿದ್ದರು. ಹೇಳಿಕೆ ಬರೆದುಕೊಳ್ಳುತ್ತಿದ್ದ ಪೊಲೀಸರು ಪೆನ್ನು ತಡೆದು, “ಇದನ್ನ ಬರುದ್ರೆ ಕೇಸೇ ಬೇರೆ ಆಯ್ತದೆ ಮೇಡಂ. ನಿಮ್ ತಂದೆಯೋರ ಮೇಲೇ ಬತ್ತದೆ” ಎಂದರು. ಬರೆಯಿರಿ ಎಂದೆ. ಮೈಲಿಗೆಯೆಂದು ಕಾರು ತೊಳೆಸುತ್ತಿದ್ದದ್ದು, ಬೇರಿಂಗು ಕೆಟ್ಟದ್ದು, ಆ ಕಾರಣಕ್ಕೇ ಅವರು ಹೊರಗೆ ನಿಲ್ಲಲು ತೊಡಗಿದ್ದು, ಎಲ್ಲವನ್ನೂ ಬರೆಸಿದೆ. ಪೊಲೀಸರು ಅದನ್ನು ಗಟ್ಟಿಯಾಗಿ ಓದಿ ಹೇಳಿದರು, ನಾನು ಸಹಿ ಮಾಡಿದೆ. ಒಂದು ಕರ್ತವ್ಯ ಮುಗಿಯಿತೆಂಬ ಸಮಾಧಾನ ನನಗಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಹೊರಗೆ ಬಂದಾಗ ಮೇಸ್ತ್ರಿಯ ಹೆಂಡತಿ ನನ್ನ ಹಿಂದೆಯೇ ಬಂದರು.

“ಆಚೆ ನಿಂತ್ರೆ ಸದ್ದು ಚಂದಾಗ್ ಕೇಳ್ತದೆ ಅಂತ ಏಳಿದ್ರು ನಂಗೆ” ಎಂದರು. “ಮೂವತ್ತೊರ್ಸ ಬಾಳ್ವೆ ಮಾಡ್ದೆ. ಈಗ್ಲೇ ಗೊತ್ತಾಗಿದ್ದು.”

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

“ನಿಮ್ಗೆ ಯಾವಾಗ್ ಗೊತ್ತಾಯ್ತು ಅವ್ವಾ?”

“ಎಂಟು ವರ್ಷ ಆಯಿತು” ಎಂದೆ.

ನಾನು ತಿರುಗಿ ಒಳಗೆ ಹೋದೆ. ಸಹಿಯಾದ ಮೇಲೆ ಸೇರಿಸಲಾಗದೆಂದು ಬರೆದುಕೊಂಡವರು ಹೇಳಿದರು. ಬೇರೆ ಹಾಳೆ ಕೇಳಿ ತೆಗೆದುಕೊಂಡು, ನಿಂತೇ ಬರೆದೆ. ಈ ಕಾರಣ ನನಗೆ ಎಂಟು ವರ್ಷಗಳಿಂದ ತಿಳಿದಿತ್ತು, ಅಂದು ಅವರನ್ನು ಹೊರಗೆ ನಿಲ್ಲಲು ಬಿಟ್ಟವಳು ನಾನು, ಬೇಗ ಆಗಲಿ ಎಂದವಳೂ ನಾನು. ಆ ಹಾಳೆಗೂ ಸಹಿ ಹಾಕಿ ಹೊರಗೆ ಬಂದಾಗ ಅಂಗಳದಲ್ಲಿ ಯಾರೂ ಇರಲಿಲ್ಲ. ಬಂಡಳ್ಳಿಯ ಬಸ್ಸು ಹೋಯಿತೆಂದು ಬಾಗಿಲಲ್ಲಿ ನಿಂತಿದ್ದವರು ಹೇಳಿದರು.